ಅದು ನಾಯೀದು, ಮುಟ್ಟಬೇಡಿ!

ಏನ್ರೀ, ಒಂದು ನಿಮಿಷ ನಿಮ್ಮ ಫ್ರೀಜರ್ ಬಾಗಿಲು ತೆಗೀರಿ ನೋಡೋಣ. ನಾಚ್ಕೋಬೇಡಿ, ಎಲ್ಲರ ಮನೇದೂ ಒಂದೇ ಕಥೆ. ಚಳಿಗಾಲದಲ್ಲಿ ಹಿದುಕಿಟ್ಟ ಅವರೆಕಾಳು, ಬೆಣ್ಣೆ ತೆಗೆಯೋಕೆ ಅಂತ ಕೂಡಿಟ್ಟ ಕೆನೆ, ತೆಂಗಿನ ತುರಿ, ಯಾವ ಕಾಲದ್ದೋ ಬಟಾಣಿ. ಅದೆಲ್ಲ ಸರಿ. ಆ ಬಟಾಣಿ ಹಿಂದೆ, ಮೂಲೇಲಿ, ಮುಚ್ಚಳ ಬಿಗಿದು ಬಚ್ಚಿಟ್ಟಿದ್ದೀರಲ್ಲ, ಆ ಡಬ್ಬಿ ಯಾವುದು?

ಹೇಳೋಕೆ ಹಿಂದೆಮುಂದೆ ನೋಡ್ತಿದ್ದೀರಿ. ಪರವಾಗಿಲ್ಲ ಬಿಡಿ, ಮೇಲೆ ಚೀಟಿ ಅಂಟಿಸಿದ್ದೀರಲ್ಲ, ನಾನೇ ಓದ್ಕೋತೀನಿ. ‘ಬ್ರೂನೋಗೆ. ಯಾರೂ ಮುಟ್ಟಬೇಡಿ.’ ಒಳಗೆ ಮೊಸರು, ಬಾಳೆಹಣ್ಣು, ಮೇಲೊಂದು ಚೂರು ಸೇಬು. ಅದೂ ಹೃದಯದ ಆಕಾರದಲ್ಲಿ! (ನಿಮ್ಮ ಮದುವೆಯ ವಾರ್ಷಿಕೋತ್ಸವಕ್ಕೆ ತಂದ ಕೇಕು ಚೌಕವಾಗಿತ್ತು. ಜ್ಞಾಪಕ ಇದೆಯಾ?)

ತಪ್ಪು ಅಂತ ನಾನೆಲ್ಲಿ ಹೇಳಿದೆ? ಗಂಡ ಉರಿಬಿಸಿಲಲ್ಲಿ ಮನೆಗೆ ಬಂದು ನೀರು ಕೇಳಿದ್ರೆ ‘ಫಿಲ್ಟರ್ ಅಲ್ಲೇ ಇದೆಯಲ್ಲ’ ಅಂತೀರಿ. ಅದೇ ಬ್ರೂನೋ ನಾಲಿಗೆ ಒಂದಿಂಚು ಜಾಸ್ತಿ ಹೊರಗೆ ಬಂದ್ರೆ ಸಾಕು, ಮಿಕ್ಸಿ ಗುರ್ ಅನ್ನುತ್ತೆ. (ಯಜಮಾನರೇ, ನೀವು ನಗಬೇಡಿ. ‘ಈ ಮನೆಗೆ ನಾಯಿ ಬಂದ್ರೆ ನಾನಿರಲ್ಲ’ ಅಂತ ಕುಣಿದಾಡಿದವರು ನೀವೇ. ಈಗ ರಾತ್ರಿ ‘ಪಾಪ, ಅವನಿಗೆ ಸೆಕೆ’ ಅಂತ ಎಸಿ ಹಾಕೋದು ಯಾರು?)

ಇನ್ನೊಂದು ವಿಷಯ, ನಮ್ಮನಮ್ಮಲ್ಲೇ ಇರಲಿ. ಈ ಡಬ್ಬಿಯ ಮೊದಲ ಗಿರಾಕಿ ನಾಯಿ ಅಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಶುಗರ್ ಇರೋ ಮಾವನವರು ಮೆಲ್ಲಗೆ ಅಡುಗೆಮನೆಗೆ ಹೋಗ್ತಾರೆ. ಕನ್ನಡಕ ಹಾಕ್ಕೊಂಡಿರಲ್ಲ, ಚೀಟಿ ಕಾಣಲ್ಲ. ಸಂಜೆ ಕಾಫಿ ಹೊತ್ತಿಗೆ ‘ಐಸ್‌ಕ್ರೀಮ್ ಚೆನ್ನಾಗಿತ್ತಮ್ಮ, ಸಕ್ಕರೆ ಒಂಚೂರು ಕಮ್ಮಿ’ ಅಂತ ಸರ್ಟಿಫಿಕೇಟ್ ಕೊಡ್ತಾರೆ.

ಆಗ ನೀವು ಹೇಳ್ತೀರಾ? ಎಲ್ಲಿ ಹೇಳ್ತೀರಿ! ಮುಂದಿನ ಸಲ ಎರಡು ಹೆಚ್ಚಿಗೆ ಮಾಡಿಡ್ತೀರಿ, ಅಷ್ಟೆ. ಮೊಸರು, ಬಾಳೆಹಣ್ಣು ತಾನೇ, ಮನುಷ್ಯರೂ ತಿನ್ನೋದೇ. (ಅವರ ಶುಗರ್ ಲೆಕ್ಕಕ್ಕೆ ಆ ಬಾಳೆಹಣ್ಣನ್ನೂ ಸೇರಿಸೋದು ಮರೀಬೇಡಿ, ಅಷ್ಟೆ.)

ಸರಿ, ಈಗ ಬ್ರೂನೋ ಪಾಡು ನೋಡೋಣ. ನಮಗೆ ಸೆಕೆ ಆದ್ರೆ ಮೈಯೆಲ್ಲ ಬೆವರು. ನಾಯಿಗೆ ಆ ಭಾಗ್ಯ ಇಲ್ಲ. ಅದು ಬೆವರೋದು ಅಂದ್ರೆ ಅಂಗಾಲಲ್ಲಿ ಒಂದಿಷ್ಟು. ಮಿಕ್ಕ ಶಾಖ ಹೆಚ್ಚಾಗಿ ನಾಲಿಗೆ ಹೊರಗೆ ಹಾಕಿ ತೇಕಿ ತೇಕಿಯೇ ಇಳೀಬೇಕು. ಅದರ ಮೈ ಕಾವು ಸುಮ್ಮನೆ ಮಲಗಿದ್ದಾಗಲೂ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. (ನಮಗೆ ಅಷ್ಟಿದ್ರೆ ಆಫೀಸಿಗೆ ರಜೆ, ಹಣೆ ಮೇಲೆ ಒದ್ದೆ ಬಟ್ಟೆ, ಗಂಜಿ.)

ತೇಕಿದ್ರೆ ಸಾಲದು, ನಾಲಿಗೆ ಮೇಲಿನ ಪಸೆ ಆರಬೇಕು. ಆರಿದ್ರೆ ತಾನೇ ತಂಪು? ಮಂಗಳೂರು, ಕಾರವಾರದ ಕಡೆ ಗಾಳಿಯಲ್ಲೇ ನೀರು ತುಂಬಿರುತ್ತೆ, ಒಣಹಾಕಿದ ಟವೆಲ್ಲೇ ಆರಲ್ಲ, ಇನ್ನು ನಾಲಿಗೆ ಎಲ್ಲಿ ಆರಬೇಕು? ರಾಯಚೂರು, ಕಲಬುರಗಿಯಲ್ಲಿ ಗಾಳಿ ಒಣ ಇರುತ್ತೆ ನಿಜ, ಆದ್ರೆ ಬಿಸಿಲು 40 ದಾಟಿ ಕೂತಿರುತ್ತೆ. ಬೆಂಗಳೂರಿನವರು ‘ನಮ್ಮೂರಿಗೆ ಫ್ಯಾನೇ ಬೇಡ’ ಅಂತ ಜಂಬ ಹೊಡೀತಿದ್ರು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ತೋರಿಸಿ ಹವಾಮಾನ ಆ ಜಂಬಾನೂ ಇಳಿಸಿಬಿಡ್ತು.

ಇಂಥ ಊರುಗಳಿಗೆ ನೀವು ಹುಡುಕಿ ಹುಡುಕಿ ತಂದಿದ್ದು ಯಾವ ನಾಯಿ? ಹಸ್ಕಿ! ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯೋಕೆ ಅಂತ ಎರಡು ಪದರ ಕೂದಲು ಬೆಳೆಸ್ಕೊಂಡು ಬಂದ ಪ್ರಾಣಿ ಈಗ ವೈಟ್‌ಫೀಲ್ಡ್‌ನ ಒಂಬತ್ತನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಟ್ರಾಫಿಕ್ ನೋಡ್ತಿದೆ. ಇಲ್ಲದಿದ್ರೆ ಪಗ್. ಅದರ ಮೂಗೇ ಮುಖದೊಳಗೆ ಸೇರ್ಕೊಂಡಿದೆ, ನೆಟ್ಟಗೆ ತೇಕೋಕೂ ದಾರಿ ಇಲ್ಲ. ಬುಲ್‌ಡಾಗ್, ಶಿಟ್ಜೂಗಳದ್ದೂ ಅದೇ ಗೋಳು.

ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಸಾಕ್ರೀ ಅಂದ್ರೆ ಕಿವಿಗೇ ಹಾಕ್ಕೊಳ್ಳಲ್ಲ. ಉದ್ದ ಮೂಗು, ತೆಳು ಕೂದಲು, ಈ ನೆಲದ ಬಿಸಿಲಿಗೇ ಹುಟ್ಟಿದ್ದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರಡಿಸ್ತು. ನೀವು ಮಾತ್ರ ‘ಅಯ್ಯೋ, ಬಡಕಲು ಕಣ್ರೀ, ಊಟ ಹಾಕಲ್ಲ ಅನ್ಕೋತಾರೆ’ ಅಂತೀರಿ. ನಿಮಗೆ ಬೇಕಾಗಿರೋದು ನಾಯಿಯೋ, ಬಂದವರ ಮುಂದೆ ತೋರಿಸೋಕೆ ಗುಂಡುಗುಂಡಗಿನ ಮಗುವೋ?

ಈಗ ಬೆಳಗಿನ ವಾಕಿಂಗ್ ವಿಷಯಕ್ಕೆ ಬರೋಣ. (ಮುಖ ಯಾಕೆ ಆ ಕಡೆ ತಿರುಗಿಸ್ತೀರಿ?) ಆರು ಗಂಟೆಗೆ ಅಲಾರಂ ಇಡ್ತೀರಿ, ಆರಿಸ್ತೀರಿ, ಮತ್ತೆ ಇಡ್ತೀರಿ. ಎದ್ದು, ಕಾಫಿ ಕುಡಿದು, ಫೋನ್ ನೋಡಿ, ಬೆಲ್ಟು ಹುಡುಕಿ ಹೊರಗೆ ಬರೋ ಹೊತ್ತಿಗೆ ಒಂಬತ್ತೂವರೆ. ಟಾರ್ ರಸ್ತೆ ಆಗಲೇ ಕಾದಿರುತ್ತೆ. ನಿಮ್ಮ ಕಾಲಲ್ಲಿ ದಪ್ಪ ಅಟ್ಟೆಯ ಶೂ. ಅವನ ಕಾಲಲ್ಲಿ?

ಒಂದು ಸುಲಭದ ಪರೀಕ್ಷೆ ಇದೆ. ನಿಮ್ಮ ಅಂಗೈಯ ಹಿಂಭಾಗ ಆ ರಸ್ತೆ ಮೇಲಿಟ್ಟು ನಿಧಾನವಾಗಿ ಏಳರ ತನಕ ಎಣಿಸಿ. ಮೂರಕ್ಕೇ ‘ಸ್ಸ್’ ಅಂತ ಕೈ ತೆಗೆದ್ರೆ ಬ್ರೂನೋನ ತಿರುಗಿ ಮನೆಗೆ ಕರ್ಕೊಂಡು ಹೋಗಿ. ನೀವು ಆ ಪರೀಕ್ಷೆ ಮಾಡಲ್ಲ, ನಂಗೊತ್ತು. ಮೂರು ಸುತ್ತು ಸುತ್ತಿಸಿ, ಅವನು ಬಂದು ಟೈಲ್ಸ್ ಮೇಲೆ ಹೊಟ್ಟೆ ಹರಡಿ ಬಿದ್ದಾಗ ಎದೆ ಚುರ್ ಅನ್ನುತ್ತೆ. ಆಮೇಲೆ ಶುರು ನೋಡಿ ನಿಮ್ಮ ಐಸ್‌ಕ್ಯಾಂಡಿ ಕಾರ್ಖಾನೆ!

ಹೀಗೆ ಅರ್ಧ ಐಸ್‌ಕ್ಯಾಂಡಿ ಹುಟ್ಟೋದು ಪ್ರೀತಿಯಿಂದ, ಇನ್ನರ್ಧ ಬೆಳಗ್ಗೆ ಲೇಟಾಗಿ ಎದ್ದ ತಪ್ಪಿಗೆ ದಂಡವಾಗಿ. ಇರಲಿ. ದಂಡ ಕಟ್ಟೋದೇ ಆದ್ರೆ ಸರಿಯಾಗಿ ಕಟ್ಟೋಣ. ಸೆರಗು ಸಿಗಿಸಿ, ಇಲ್ಲ ಲುಂಗಿ ಮೇಲಕ್ಕೆ ಕಟ್ಟಿ, ಬನ್ನಿ ಅಡುಗೆಮನೆಗೆ.

ಮೊದಲು ಅಚ್ಚು. ನೀವು ಆನ್‌ಲೈನ್‌ನಲ್ಲಿ ಮೂಳೆ ಆಕಾರದ ಸಿಲಿಕೋನ್ ಅಚ್ಚು ಆರ್ಡರ್ ಮಾಡೋಕೆ ಹೊರಟಿದ್ದೀರಿ. ನಿಲ್ಲಿ! ಮನೇಲಿ ಪಡ್ಡು ಕಾವಲಿ ಇಲ್ವಾ? ಒಂದೊಂದು ಗುಳಿಗೆ ಒಂದೊಂದು ಉಂಡೆ, ಲ್ಯಾಬ್ರಡಾರ್‌ಗೆ ಹೇಳಿ ಮಾಡಿಸಿದ ಅಳತೆ. ನಾನ್‌ಸ್ಟಿಕ್ ಇರಲಿ, ಕಬ್ಬಿಣದ್ದಾದ್ರೆ ತುಕ್ಕು ಹಿಡಿಯುತ್ತೆ. ಹಿಡಿ ಬಿಚ್ಚಲಿಲ್ಲ ಅಂದ್ರೆ ಫ್ರೀಜರ್ ಬಾಗಿಲು ಹಾಕೋಕಾಗಲ್ಲ, ಅದೂ ನೋಡ್ಕೊಳ್ಳಿ. (ಇಡ್ಲಿ ತಟ್ಟೆ ಬೇಡ. ತೂತಿರುತ್ತೆ. ಮೊಸರೆಲ್ಲ ಅವರೆಕಾಳಿಗೆ ಅಭಿಷೇಕ ಆಗುತ್ತೆ.)

ಚಿಕ್ಕ ನಾಯಿಗೆ ಐಸ್ ಟ್ರೇ ಸಾಕು. ದೊಡ್ಡ ನಾಯಿಗೆ ಇಡಿಯಾಗಿ ನುಂಗೋ ಅಷ್ಟು ಸಣ್ಣದು ಕೊಡಬೇಡಿ, ಗಂಟಲಲ್ಲಿ ಸಿಕ್ಕಿ ಹಾಕ್ಕೊಳ್ಳುತ್ತೆ. ಐಸ್‌ಕ್ಯಾಂಡಿ ಕಡ್ಡಿ ಅಂತೂ ಬೇಡವೇ ಬೇಡ. ಕಡ್ಡಿ ಹಿಡ್ಕೊಂಡು ನೆಕ್ಕೋ ಶಿಸ್ತು ನಮ್ಮ ಮಕ್ಕಳಿಗೇ ಬಂದಿಲ್ಲ, ಬ್ರೂನೋಗೆ ಬರುತ್ತಾ? ಕಡ್ಡಿ ಸಮೇತ ಗುಳುಂ.

ಈಗ ಒಳಗಿನ ಮಾಲು. ಒಂದು ಬಟ್ಟಲು ಗಟ್ಟಿ ಮೊಸರು, ಒಂದು ಕಳಿತ ಬಾಳೆಹಣ್ಣು, ಮಿಕ್ಸಿಯಲ್ಲಿ ಒಂದು ಸುತ್ತು, ಗುಳಿಗೆ ಹಾಕಿ ನಾಲ್ಕೈದು ಗಂಟೆ ಫ್ರೀಜರ್‌ಗೆ. ಮುಗೀತು. ಹಾಲು ಯಾಕೆ ಬೇಡ ಅಂದ್ರೆ, ಬೆಳೆದ ನಾಯಿಗಳಲ್ಲಿ ಹಾಲಿನ ಲ್ಯಾಕ್ಟೋಸ್ ಅರಗಿಸೋ ಶಕ್ತಿ ಸಾಮಾನ್ಯವಾಗಿ ಕಮ್ಮಿ. ಮೊಸರಾಗುವಾಗ ಅದರಲ್ಲಿ ಒಂದು ಪಾಲನ್ನ ಹೆಪ್ಪೇ ತಿಂದು ಮುಗಿಸಿರುತ್ತೆ. ಐಸ್‌ಕ್ರೀಮ್ ಕೊಟ್ಟು ರಾತ್ರಿ ಮೂರು ಗಂಟೆಗೆ ಲಿಫ್ಟಲ್ಲಿ ಓಡೋದು ಬೇಕಾ?

ಇಲ್ಲೇ ನಿಮ್ಮನ್ನ ಕಾವಲು ಕಾಯಬೇಕು. ಮೊಸರು ಕಂಡ ಕೂಡಲೆ ನಿಮ್ಮ ಕೈ ತಾನಾಗೇ ಉಪ್ಪಿನ ಡಬ್ಬಿ ಕಡೆ ಹೋಗುತ್ತೆ. ಆಮೇಲೆ ಸಾಸಿವೆ. ಆಮೇಲೆ ಇಂಗು. ರೀ, ಅದು ಮೊಸರನ್ನ ಅಲ್ಲ! ಒಗ್ಗರಣೆ ಇಲ್ಲದೆ ಒಂದು ಪದಾರ್ಥ ಅಡುಗೆಮನೆಯಿಂದ ಆಚೆ ಹೋದ್ರೆ ಮನೆತನದ ಮರ್ಯಾದೆ ಹೋಗುತ್ತೆ ಅಂತ ನೀವಂದ್ಕೊಂಡಿದ್ದೀರಿ. ಬ್ರೂನೋಗೆ ನಿಮ್ಮ ಮನೆತನ ಯಾವುದಾದ್ರೇನು, ಅವನಿಗೆ ಸಪ್ಪೆಯೇ ಅಮೃತ.

ರಾಗಿ ಅಂಬಲಿಯದ್ದೂ ಅದೇ ಕತೆ. ತೆಳ್ಳಗೆ ಕಾಯಿಸಿ, ಪೂರ್ತಿ ಆರಿಸಿ, ಬರೀ ಮಜ್ಜಿಗೆ ಬೆರೆಸಿ ಗುಳಿಗೆ ಹಾಕಿ. ಉಪ್ಪು ಬೇಡ, ಹಸಿಮೆಣಸು ಬೇಡ, ಈರುಳ್ಳಿಯಂತೂ ಕನಸಲ್ಲೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆದು ಹಾಕುತ್ತವೆ. ಬೇಯಿಸಿದ್ರೂ ಒಣಗಿಸಿ ಪುಡಿ ಮಾಡಿದ್ರೂ ಆ ಗುಣ ಹೋಗಲ್ಲ.

ಕಲ್ಲಂಗಡಿ ಅಂತೂ ಹಬ್ಬ. ನೂರಕ್ಕೆ ತೊಂಬತ್ತು ಭಾಗದ ಮೇಲೆ ನೀರೇ. ಬೀಜ ತೆಗೆದು, ಸಿಪ್ಪೆ ಬಿಸಾಕಿ, ಕೆಂಪು ತಿರುಳು ಅರೆದು ಹಾಕಿದ್ರಾಯ್ತು. ಕರಬೂಜ, ಸೌತೆಕಾಯಿ, ಪರಂಗಿ, ಬೇಯಿಸಿದ ಸಿಹಿಗುಂಬಳ, ಯಾವುದಾದ್ರೂ ಆಗುತ್ತೆ. ಸೇಬಿನ ಬೀಜ ಮಾತ್ರ ತೆಗೀರಿ. ಮಾವಿನಹಣ್ಣಿನ ತಿರುಳು ಕೊಡಿ, ವಾಟೆ ಕೊಡಬೇಡಿ. (‘ಚೀಪ್ಕೊಳ್ಳಲಿ ಪಾಪ’ ಅಂತ ಎಸೆದು ಬಿಡೋರು ನೀವು. ಅವನು ಚೀಪಲ್ಲ, ನುಂಗ್ತಾನೆ. ಅದು ಕರುಳಲ್ಲಿ ಅಡ್ಡ ನಿಂತ್ರೆ ಆಪರೇಷನ್ನೇ ಗತಿ.)

ಮಾಂಸ ಬೇಯಿಸೋ ಮನೆಯಾದ್ರೆ ನಿಮ್ಮ ಕೆಲಸ ಇನ್ನೂ ಸುಲಭ. ಬರೀ ನೀರಲ್ಲಿ ಕೋಳಿ ಬೇಯಿಸಿ, ಮೂಳೆ ಒಂದೂ ಬಿಡದೆ ತೆಗೆದು, ನೀರು ತಣ್ಣಗಾದಾಗ ಮೇಲೆ ಕಟ್ಟಿದ ಜಿಡ್ಡು ಕೆನೆ ಎತ್ತಿ, ಆ ನೀರನ್ನ ಗುಳಿಗೆ ಹಾಕಿ. ಮಸಾಲೆ ಹಾಕೋ ಮುಂಚೆ ತೆಗೆದಿಡಬೇಕು, ಹಾಕಿದ ಮೇಲೆ ‘ತೊಳೆದು ಕೊಟ್ರಾಯ್ತು’ ಅನ್ನೋ ನಿಮ್ಮ ಬುದ್ಧಿವಂತಿಕೆ ಬೇಡ. ಇದೊಂದಕ್ಕೆ ಬ್ರೂನೋ ನಿಮ್ಮ ಹೆಸರಲ್ಲಿ ದೇವಸ್ಥಾನ ಕಟ್ಟಿಸಿಯಾನು.

ಯಾಕೆ ಗೊತ್ತಾ? ವಾಸನೆ. ನಮ್ಮ ನಾಲಿಗೇಲಿ ರುಚಿಮೊಗ್ಗು ಸುಮಾರು 9,000, ನಾಯೀದರಲ್ಲಿ ಸುಮಾರು 1,700 ಅಷ್ಟೇ. ಅದು ತಿನ್ನೋದೇ ಮೂಗಿಂದ. ಆದ್ರೆ ಕಲ್ಲಿನ ಹಾಗೆ ಗಟ್ಟಿಯಾದ ತಿಂಡಿಗೆ ವಾಸನೆಯೇ ಇರಲ್ಲ. ತಂಪಾದಷ್ಟೂ ಪರಿಮಳ ಒಳಗೇ ಕಟ್ಟಿಹಾಕ್ಕೊಂಡಿರುತ್ತೆ. ಅದಕ್ಕೇ ಫ್ರೀಜರಿಂದ ತೆಗೆದ ಕೂಡಲೆ ಕೊಟ್ರೆ ಅವನು ಮೂಸಿ, ನಿಮ್ಮ ಮುಖ ನೋಡಿ, ‘ಇದೇನು?’ ಅಂತ ಹೊರಟುಹೋಗೋದು.

ಇಲ್ಲಿ ನಿಮ್ಮದೊಂದು ಚಟ ಅವನಿಗೆ ಉಪಕಾರ ಮಾಡುತ್ತೆ. ಯಾವುದು? ಫೋಟೋ! ತಟ್ಟೆಗೆ ಹಾಕಿ, ಪುದೀನ ಎಲೆ ಸಿಗಿಸಿ, ಕಿಟಕಿ ಬೆಳಕಿಗೆ ತಿರುಗಿಸಿ, ‘ಬ್ರೂನೋ, ಲುಕ್ ಹಿಯರ್, ಲುಕ್ ಅಟ್ ಮಮ್ಮಾ’ ಅಂತ ಗೋಗರೆದು, ರೀಲ್ಸ್‌ಗೆ ಹಾಡು ಹುಡುಕೋ ಅಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತೆ. ಉಂಡೆ ಮೆತ್ತಗಾಗಿ, ವಾಸನೆ ಬಿಟ್ಟು, ತಿನ್ನೋಕೆ ಹದವಾಗಿರುತ್ತೆ. (ಅಂದ ಹಾಗೆ, ಮನೇಲಿ ಎಲ್ಲರ ಜೊತೆ ಕನ್ನಡ, ನಾಯಿ ಜೊತೆ ಮಾತ್ರ ಇಂಗ್ಲಿಷ್ ಯಾಕೆ? ಅವನೇನು ಐಇಎಲ್‌ಟಿಎಸ್ ಬರೀತಾನಾ?)

ಒಂದು ಮಾತು ಹೇಳಿದ್ರೆ ಬೇಜಾರು ಮಾಡ್ಕೋಬೇಡಿ. ನೀವು ಕಲ್ಲಂಗಡಿ ಕೆಂಪು ಎದ್ದು ಕಾಣಲಿ ಅಂತ ಬಿಳಿ ಪಿಂಗಾಣಿ ತಟ್ಟೆ ತೆಗೆದಿರಲ್ಲ, ಆ ಕೆಂಪು ನಾಯಿಗೆ ಕಾಣೋದೇ ಇಲ್ಲ. ಅದರ ಕಣ್ಣಿಗೆ ಚೆನ್ನಾಗಿ ಗೊತ್ತಾಗೋದು ನೀಲಿ, ಹಳದಿ. ಕೆಂಪು ಅಂದ್ರೆ ಏನೋ ಮಂಕು ಕಂದು. ಹೃದಯದ ಆಕಾರವೋ, ಪಾದದ ಆಕಾರವೋ, ಅದೂ ಅವನಿಗೆ ಲೆಕ್ಕಕ್ಕಿಲ್ಲ. ಹಾಗಾದ್ರೆ ಆ ಅಚ್ಚು, ಆ ಬಣ್ಣ, ಆ ಪುದೀನ ಎಲೆ ಯಾರಿಗೆ? ಎದುರುಮನೆ ಗೋಲ್ಡನ್ ರಿಟ್ರೀವರ್‌ನ ಅಮ್ಮನಿಗೆ, ಅಲ್ವಾ?

ನಗಬೇಡಿ, ಇನ್ನೂ ಇದೆ. ನೀವು ನಿಜವಾಗಿ ಯಾಕೆ ಇಷ್ಟೆಲ್ಲ ಮಾಡ್ತೀರಿ ಅಂತ ನಾನು ಹೇಳ್ಲಾ? ಈ ಮನೇಲಿ ನಿಮ್ಮ ಕೈಯಡುಗೆಗೆ ಕೊಂಕು ತೆಗೆಯದ ಪ್ರಾಣಿ ಅವನೊಬ್ಬನೇ. ಮಗನಿಗೆ ಉಪ್ಪಿಟ್ಟು ಬೇಡ, ಮಗಳು ಡಯಟ್, ಯಜಮಾನರು ‘ನಮ್ಮಮ್ಮ ಮಾಡೋ ಥರ ಬಂದಿಲ್ಲ’. ಬ್ರೂನೋ ಮಾತ್ರ ತಟ್ಟೆ ನೆಕ್ಕಿ, ತಟ್ಟೆ ಇಟ್ಟ ನೆಲ ನೆಕ್ಕಿ, ಆಮೇಲೆ ನಿಮ್ಮ ಕೈಯನ್ನೂ ನೆಕ್ತಾನೆ. ಇಂಥ ಅತಿಥಿಗೆ ಯಾರು ತಾನೇ ಮತ್ತೆ ಬಡಿಸಲ್ಲ?

ಬಡಿಸೋದೇ ತೊಂದರೆ. ಅವನು ಹುಬ್ಬು ಮೇಲೆತ್ತಿ ಒಂಥರಾ ನೋಡ್ತಾನಲ್ಲ, ಆ ನೋಟಕ್ಕೆ ನೀವು ಕರಗಿ ನೀರಾಗ್ತೀರಿ. 2019ರಲ್ಲಿ ವಿಜ್ಞಾನಿಗಳು ನಾಯಿ ಮತ್ತು ತೋಳದ ಮುಖದ ಸ್ನಾಯು ಹೋಲಿಸಿ ನೋಡಿದ್ರು. ಹುಬ್ಬಿನ ಒಳಮೂಲೆ ಎತ್ತೋ ಸ್ನಾಯು ನಾಯೀಲಿ ಬಲವಾಗಿದೆ, ತೋಳದಲ್ಲಿ ಹೆಸರಿಗೆ ಮಾತ್ರ. ಮನುಷ್ಯರ ಜೊತೆ ಸಾವಿರಾರು ವರ್ಷ ಬಾಳಿ ಕಲಿತ ವಿದ್ಯೆ ಅದು. ಅಂದ್ರೆ ನಿಮ್ಮನ್ನ ಬೀಳಿಸೋಕೆ ಅಂತಲೇ ತಯಾರಾದ ಮುಖ! ನೀವು ಬೀಳದೆ ಇರೋಕೆ ಸಾಧ್ಯವಾ?

ಲ್ಯಾಬ್ರಡಾರ್ ಸಾಕಿದವರಂತೂ ಇನ್ನೂ ಹುಷಾರಾಗಿರಿ. ‘ಎಷ್ಟು ಹಾಕಿದ್ರೂ ಹಸಿವು ಅಂತಾನೆ’ ಅನ್ನೋ ನಿಮ್ಮ ದೂರು ಪೂರ್ತಿ ಸುಳ್ಳಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಕಾರ, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ನಲ್ಲಿ ಹಸಿವಿಗೆ ಸಂಬಂಧಪಟ್ಟ ಪಿಒಎಂಸಿ ಅನ್ನೋ ಜೀನ್‌ನ ಒಂದು ತುಂಡು ಇಲ್ಲ. ಅಂಥವಕ್ಕೆ ಊಟದ ಮೇಲೆ ಆಸೆ ಹೆಚ್ಚು, ತೂಕವೂ ಹೆಚ್ಚು. (ನಿಮ್ಮ ಮನೆ ದಪ್ಪ ಭಾವನವರಿಗೆ ಇದನ್ನ ಹೇಳಬೇಡಿ. ನನ್ನದೂ ಜೀನೇ ಅಂತ ಇನ್ನೆರಡು ಹೋಳಿಗೆ ಹಾಕ್ಕೋತಾರೆ.)

ಪಶುವೈದ್ಯರ ಲೆಕ್ಕ ಸರಳ: ದಿನದ ಒಟ್ಟು ಕ್ಯಾಲೊರಿಯಲ್ಲಿ ಇಂಥ ತಿಂಡಿತೀರ್ಥ ಶೇಕಡ 10 ದಾಟಬಾರದು. ನೀವು ‘ಒಂದೇ ಒಂದು ಕೊಟ್ಟೆ’ ಅಂತ ಪ್ರಮಾಣ ಮಾಡ್ತೀರಿ, ನಿಜವೇ ಇರಬಹುದು. ಆದ್ರೆ ಮಾವನವರು ಮಾರಿ ಬಿಸ್ಕತ್ತು ಒಂದು, ಮಗ ಚಪಾತಿ ಒಂದು, ಕೆಲಸದ ಅಕ್ಕ ರಸ್ಕ್ ಒಂದು, ವಾಚ್‌ಮನ್ ಬನ್ ಒಂದು. ಎಲ್ಲರೂ ಒಂದೊಂದೇ. ಬ್ರೂನೋ ಮಾತ್ರ ಯಾರ ಗುಟ್ಟನ್ನೂ ಯಾರಿಗೂ ಹೇಳಲ್ಲ.

ಈಗ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕು, ಕಿವಿ ಕೊಡಿ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಹಾಕಲೇಬಾರದು. ಕೆಲವು ನಾಯಿಗಳಿಗೆ ಸ್ವಲ್ಪವೇ ಸಾಕು, ಕಿಡ್ನಿ ಕೈಕೊಡುತ್ತೆ. ಕಾರಣ ಅದರಲ್ಲಿರೋ ಟಾರ್ಟಾರಿಕ್ ಆಮ್ಲ ಇರಬಹುದು ಅಂತ 2021ರಲ್ಲಿ ಅಮೆರಿಕದ ವಿಷತಜ್ಞ ಪಶುವೈದ್ಯರು ಮುಂದಿಟ್ರು. ಆ ಆಮ್ಲ ಇನ್ನೆಲ್ಲಿ ತುಂಬಿದೆ ಹೇಳಿ ನೋಡೋಣ? ನಿಮ್ಮ ಹುಣಸೆಹಣ್ಣಲ್ಲಿ!

ಹೌದು ಸ್ವಾಮಿ, ಸಾರಿಗೆ ಹಿಂಡ್ತೀರಲ್ಲ, ಅದೇ. ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ಥರದ ಕಿಡ್ನಿ ತೊಂದರೆ ಕಂಡುಬಂದಿದೆ. ‘ನಮ್ಮಜ್ಜಿ ಮನೇಲಿ ನಾಯಿಗೆ ದಿನಾ ಸಾರನ್ನ ಹಾಕ್ತಿದ್ರು, ಏನಾಯ್ತು?’ ಅಂತ ನೀವು ಕೇಳೇ ಕೇಳ್ತೀರಿ. ಅಜ್ಜಿ ಮನೆ ನಾಯಿ ಗದ್ದೆ ಬಯಲಲ್ಲಿ ಓಡಾಡ್ಕೊಂಡಿತ್ತು. ಅದಕ್ಕೆ ಏನಾಯ್ತು ಅಂತ ಯಾರಾದ್ರೂ ರಕ್ತ ಪರೀಕ್ಷೆ ಮಾಡಿಸಿ ನೋಡಿದ್ರಾ? ಬೇಸಿಗೆಗೆ ತಂಪು ಅಂತ ಹುಣಸೆ ಪಾನಕ ಗುಳಿಗೆ ಸುರಿಯೋ ಐಡಿಯಾ ಬಂದಿದ್ರೆ ಈಗಲೇ ಬಿಟ್ಟುಬಿಡಿ.

ಇನ್ನೆರಡು ಸೇರಿಸ್ಕೊಳ್ಳಿ. ಚಾಕೊಲೇಟ್ ಬೇಡ, ಅದರೊಳಗಿನ ಥಿಯೋಬ್ರೋಮಿನ್ ನಾಯಿಗೆ ವಿಷ. ಕಡಲೆಕಾಯಿ ಬೆಣ್ಣೆ ತಂದ್ರೆ ಡಬ್ಬಿ ಹಿಂದೆ ಸಣ್ಣಕ್ಷರ ಓದಿ. ಸಕ್ಕರೆ ಬದಲು ಕ್ಸೈಲಿಟಾಲ್ ಇದ್ರೆ ಹಾಗೇ ವಾಪಸ್ ಇಡಿ, ಅದು ನಾಯಿಯ ರಕ್ತದಲ್ಲಿನ ಸಕ್ಕರೆ ದಢಕ್ಕನೆ ಇಳಿಸುತ್ತೆ, ಲಿವರ್‌ಗೂ ಪೆಟ್ಟು. ಮಾವನವರ ಶುಗರ್‌ಫ್ರೀ ಚ್ಯೂಯಿಂಗ್ ಗಮ್ಮಲ್ಲೂ ಅದಿರಬಹುದು. (ಅತ್ತೆಯ ಕಣ್ಣಿಗೆ ಬೀಳದ ಹಾಗೆ ಅವರು ದಿಂಬಿನ ಕೆಳಗೆ ಇಟ್ಟಿರ್ತಾರೆ. ಬ್ರೂನೋ ಮೂಗಿಗೆ ದಿಂಬು ಯಾವ ಲೆಕ್ಕ?)

ಇಷ್ಟರಲ್ಲಿ ನಿಮ್ಮ ಫ್ಯಾಮಿಲಿ ಗ್ರೂಪಲ್ಲಿ ದೊಡ್ಡಪ್ಪ ಒಂದು ಫಾರ್ವರ್ಡ್ ಕಳಿಸಿರ್ತಾರೆ. ‘ನಾಯಿಗೆ ಐಸ್ ನೀರು ಕೊಟ್ಟರೆ ಹೊಟ್ಟೆ ಉಬ್ಬಿ ಸಾಯುತ್ತದೆ, ಹತ್ತು ಜನಕ್ಕೆ ಕಳಿಸಿ.’ ಬೆಚ್ಚಿಬೀಳಬೇಡಿ. ಆರೋಗ್ಯವಾಗಿರೋ ನಾಯಿಗೆ ಮಿತವಾಗಿ ತಣ್ಣನೆಯದು ಕೊಟ್ರೆ ಹಾಗೇನೂ ಆಗಲ್ಲ. ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳೋ ಕಾಯಿಲೆ ಇರೋದು ನಿಜ. ಆದ್ರೆ ಗಬಗಬ ಅಂತ ತಿನ್ನೋ ಅಭ್ಯಾಸದ ಬಗ್ಗೆ ಯೋಚನೆ ಮಾಡಿ, ಐಸ್ ಬಗ್ಗೆ ಅಲ್ಲ.

ಐಸಿಂದ ನಿಜವಾದ ಭಯ ಹಲ್ಲಿಗೆ. ಗಟ್ಟಿ ಗಡ್ಡೆ ಕಟಕಟ ಕಡೀತಿದ್ರೆ ‘ಕೇಳಿ ಕೇಳಿ, ಎಷ್ಟು ಮುದ್ದಾಗಿ ಕಡೀತಾನೆ’ ಅಂತ ವಿಡಿಯೋ ಮಾಡ್ತೀರಿ. ಆ ಮುದ್ದು ಸದ್ದಲ್ಲೇ ಹಲ್ಲು ಸೀಳಬಹುದು. ಮೊಸರು, ಹಣ್ಣಿನದು ಪೂರ್ತಿ ಕಲ್ಲಾಗಲ್ಲ, ಅದೇ ವಾಸಿ. ನೀರಿನ ಐಸ್ ಕೊಡಲೇಬೇಕು ಅಂದ್ರೆ ಕುಟ್ಟಿ ಪುಡಿ ಮಾಡಿ ಕುಡಿಯೋ ನೀರಿಗೆ ಹಾಕಿ.

ಇನ್ನು ಸಮಾಧಾನವಾಗಿ ತಿನ್ನಿಸೋ ಉಪಾಯ. ಕೊಲರಾಡೋದ ಜೋ ಮಾರ್ಖಮ್ ಅನ್ನೋರ ಜರ್ಮನ್ ಶೆಫರ್ಡ್‌ಗೆ ಕಲ್ಲು ಕಡಿಯೋ ಹುಚ್ಚು. 1970ರ ದಶಕದಲ್ಲಿ ಅವರು ಫೋಕ್ಸ್‌ವ್ಯಾಗನ್ ವ್ಯಾನ್ ರಿಪೇರಿ ಮಾಡ್ತಿದ್ದಾಗ ಒಂದು ರಬ್ಬರ್ ಬಿಡಿಭಾಗ ಎಸೆದ್ರು. ನಾಯಿ ಕಲ್ಲು ಬಿಟ್ಟು ಅದನ್ನೇ ಹಿಡ್ಕೊಂಡ್ತು. ಅದರಿಂದ ಹುಟ್ಟಿದ್ದೇ ಕಾಂಗ್ ಅನ್ನೋ ಟೊಳ್ಳು ರಬ್ಬರ್ ಆಟಿಕೆ. ಅದರೊಳಗೆ ಮೊಸರು ತುಂಬಿ ಫ್ರೀಜ್ ಮಾಡಿದ್ರೆ ಅರ್ಧ ಗಂಟೆ ನೆಕ್ತಾ ಕೂರ್ತಾನೆ. ನಿಮ್ಮ ಆಫೀಸ್ ಮೀಟಿಂಗ್ ಅಷ್ಟರಲ್ಲಿ ಮುಗಿಯುತ್ತೆ. (ಮೀಟಿಂಗಲ್ಲಿ ನೀವೇನು ಮಾಡ್ತೀರಿ ಅಂತ ನಾನು ಕೇಳಲ್ಲ.)

ತಮಾಷೆ ಬದಿಗಿಟ್ಟು ಒಂದು ಮಾತು. ತೇಕು ನಿಲ್ತಾನೇ ಇಲ್ಲ, ಜೊಲ್ಲು ಅಂಟಂಟಾಗಿದೆ, ಒಸಡು ಕೆಂಪಗಾಗಿದೆ, ನಡೆಯುವಾಗ ತೂರಾಡ್ತಾನೆ ಅಂದ್ರೆ ಅದು ಬಿಸಿಲಾಘಾತ. ಆಗ ಐಸ್‌ಕ್ಯಾಂಡಿ ಅಲ್ಲ, ಬಾಯಿಗೆ ಏನೂ ತುರುಕಬೇಡಿ. ನೆರಳಿಗೆ ತಂದು, ಮೈಮೇಲೆ ನಲ್ಲಿ ನೀರು ಸುರೀತಾ, ಫ್ಯಾನ್ ಹಾಕಿ, ಮೊದಲು ಮೈ ತಣಿಸಿ. ಆಮೇಲೆ ಡಾಕ್ಟರ ಹತ್ರ ಓಡಿ. ಫೋನಲ್ಲಿ ನಾಲ್ಕು ಜನರ ಅಭಿಪ್ರಾಯ ಕೇಳ್ತಾ ಕೂರಬೇಡಿ.

ಗಂಭೀರ ಮಾತು ಮುಗೀತು. ಮತ್ತೆ ನಿಮ್ಮ ವಿಷಯಕ್ಕೇ ಬರೋಣ, ಅದೇ ರುಚಿ. ಗೇಟಿನ ಹತ್ರ ಕಾರಿನ ಕೆಳಗೆ ಕಂದು ಬಣ್ಣದ ಒಬ್ಬಳು ಮಲಗಿರ್ತಾಳಲ್ಲ, ಹೆಸರಿಲ್ಲದವಳು? ಅವಳಿಗೂ ಬ್ರೂನೋದೇ ಅಂಗಾಲು, ಅವನದೇ ನಾಲಿಗೆ. ಸಿಮೆಂಟ್ ತೊಟ್ಟಿ ತರ್ತೀನಿ ಅಂತ ಯುಗಾದಿಯಿಂದ ಹೇಳ್ತಿದ್ದೀರಿ. ತನ್ನಿ, ನೆರಳಲ್ಲಿ ಇಡಿ, ದಿನಾ ನೀರು ಬದಲಾಯಿಸಿ. (ಇಲ್ಲದಿದ್ರೆ ಸೊಳ್ಳೆ ಮರಿ ಸಾಕಿದ ಪುಣ್ಯವೂ ನಿಮಗೇ.) ಕಲ್ಲಂಗಡಿ ಉಂಡೆಯೊಂದು ಮಿಕ್ಕಿದ್ರೆ ಅದರೊಳಗೆ ಹಾಕಿ. ಅವಳಿಗೆ ಫೋಟೋ ಬೇಡ, ತಟ್ಟೆಯೂ ಬೇಡ.

ಹಾಗಂತ ಐಸ್‌ಕ್ಯಾಂಡಿ ಬಿಟ್ಟುಬಿಡಿ ಅಂತ ನಾನು ಹೇಳ್ತಿಲ್ಲ. ಖಂಡಿತ ಮಾಡಿ. ಬೆಳಗ್ಗೆ ಬೇಗ ಎದ್ದು ತಂಪೊತ್ತಲ್ಲಿ ಸುತ್ತಾಡಿಸಿ, ನೆರಳು ಕೊಡಿ, ಬಟ್ಟಲಲ್ಲಿ ನೀರು ಸದಾ ಇರಲಿ. ಅದು ಬ್ರೂನೋಗೆ. ಐಸ್‌ಕ್ಯಾಂಡಿ ನಿಮಗೆ. ನಿಮ್ಮ ಖುಷಿಗೆ ಅಂತ ಒಪ್ಕೊಂಡು ಮಾಡಿದ್ರೆ ಯಾರಪ್ಪನ ಗಂಟೇನು? ಅವನೂ ಬೇಡ ಅನ್ನಲ್ಲ.

ಒಂದೇ ಒಂದು ಕಿವಿಮಾತು. ಭಾನುವಾರ ಬೀಗರು ಬರ್ತಾರಂತೆ, ಬೆಳಗಿನ ತಿಂಡಿಗೆ ಪಡ್ಡು ಮಾಡ್ತೀರಂತೆ. ಕಾವಲಿಗೆ ಬಿಸಿನೀರು ಹಾಕಿ ಚೆನ್ನಾಗಿ ಉಜ್ಜಿ ತೊಳೀರಿ, ಕಂದು ಕೂದಲು ಒಂದೂ ಇರಬಾರದು. ಬೀಗಿತ್ತಿ ‘ಗುಳಿ ಎಷ್ಟು ಫಳಫಳ ಅಂತಿದೆ, ಬಳಸೋದೇ ಇಲ್ವೇನೋ’ ಅಂದ್ರೆ ಹೂಂ ಅಂದುಬಿಡಿ. ನಾನಂತೂ ಬಾಯಿ ಬಿಡಲ್ಲ.